ಯಂತ್ರ ಎಣಿಸಿದ ಮತಕ್ಕೆ ಸಾಕ್ಷಿ ಯಾರು?

ಪ್ರವೇಶ ಪರೀಕ್ಷೆ ಬರೆಯುವ ಮಕ್ಕಳಿರುವ ಮನೆಯವರಿಗೆ ಓಎಂಆರ್ ಹಾಳೆಯ ಪರಿಚಯ ಮಾಡಿಕೊಡಬೇಕಾದುದಿಲ್ಲ. ಸರಿಯುತ್ತರದ ವೃತ್ತವನ್ನು ಶಾಯಿಯಿಂದ ತುಂಬಬೇಕು. ಯಂತ್ರವು ಹಾಳೆಯ ಮೇಲೆ ಬೆಳಕು ಬಿಟ್ಟು, ಎಲ್ಲಿ ಕಪ್ಪಾಗಿದೆಯೆಂದು ನೋಡಿ ಅಂಕ ಹಾಕುತ್ತದೆ. ಬರೆದವನ ಮನಸ್ಸಿನಲ್ಲಿ ಏನಿತ್ತೆಂಬುದು ಅದಕ್ಕೆ ತಿಳಿಯದು. ಅಮೆರಿಕ ಸಂಯುಕ್ತ ಸಂಸ್ಥಾನದ ಬಹುಭಾಗದಲ್ಲಿ ಇಂದು ಮತಗಳನ್ನು ಎಣಿಸುವುದು ಇದೇ ಜಾತಿಯ ಯಂತ್ರ. ಮತದಾರನ ಕೈಯ ಗುರುತುಳ್ಳ ಕಾಗದ ಒಂದು ಕಡೆ, ಅದನ್ನು ಓದುವ ಸ್ಕ್ಯಾನರ್ ಇನ್ನೊಂದು ಕಡೆ. ಇವೆರಡೂ ಒಂದಕ್ಕೊಂದು ಸಾಕ್ಷಿ ಹೇಳುವಂತೆ ಮಾಡಲು ಆ ದೇಶದವರು ಪಟ್ಟ ಪಾಡು ನಮಗೂ ಉಪಯುಕ್ತವೆಂದು ತೋರಿ ಈ ಲೇಖನಕ್ಕೆ ಕೈಹಾಕಿದ್ದೇವೆ.

ಕೈಯಿಂದಲೇ ಏಕೆ ಎಣಿಸಬಾರದು ಎಂದು ವಾಚಕರು ಕೇಳಬಹುದು. ನಮ್ಮಲ್ಲಿ ಒಂದು ಮತಪತ್ರಕ್ಕೆ ಒಂದೇ ಪ್ರಶ್ನೆ. ಅಲ್ಲಿಯ ಹಾಳೆಯಲ್ಲಾದರೋ ಅಧ್ಯಕ್ಷ ಪದವಿಯಿಂದ ತೊಡಗಿ ರಾಜ್ಯದ ಶಾಸಕರು, ನ್ಯಾಯಾಧೀಶರು, ಶಾಲಾ ಮಂಡಳಿಯ ಸದಸ್ಯರವರೆಗೆ ಹತ್ತಾರು ಆಯ್ಕೆಗಳು ಒಟ್ಟಿಗೇ ಇರುತ್ತವೆ. ಒಂದೊಂದು ಆಯ್ಕೆಗೂ ಕಟ್ಟುಗಳನ್ನು ಮತ್ತೆ ಬಿಚ್ಚಿ ವಿಂಗಡಿಸುತ್ತ ಕುಳಿತರೆ ವಾರಗಳು ಬೇಕು. ಆದುದರಿಂದ ಯಂತ್ರ ಅನಿವಾರ್ಯ.

ಯಂತ್ರವನ್ನು ಕೆಲಸಕ್ಕೆ ಹಚ್ಚುವ ಮುನ್ನ ಅದಕ್ಕೂ ಪರೀಕ್ಷೆ ಉಂಟು. ಯಾರಿಗೆ ಎಷ್ಟೆಂದು ಮೊದಲೇ ಗೊತ್ತಿರುವ ಮಾದರಿ ಮತಪತ್ರಗಳ ಕಟ್ಟನ್ನು ಸಾರ್ವಜನಿಕರ ಎದುರು ಓಡಿಸಿ ಉತ್ತರ ತಾಳೆಯಾಗುವುದೋ ಎಂದು ನೋಡುತ್ತಾರೆ. ಮತದಾನದ ಬೆಳಿಗ್ಗೆ ಯಂತ್ರವು ಎಲ್ಲ ಹೆಸರುಗಳ ಮುಂದೆ ಸೊನ್ನೆಯಿರುವ ಪಟ್ಟಿಯನ್ನು ಅಚ್ಚುಹಾಕಬೇಕು. ಒಂದೇ ಸ್ಥಾನಕ್ಕೆ ಇಬ್ಬರ ಎದುರು ಗುರುತು ಮಾಡಿದ್ದರೆ ಮತಗಟ್ಟೆಯ ಸ್ಕ್ಯಾನರ್ ಅದನ್ನು ಎಚ್ಚರಿಸಿ ಹಾಳೆಯನ್ನು ಹೊರಕ್ಕೆ ತಳ್ಳುತ್ತದೆ. ಮತದಾರನು ಬೇರೊಂದು ಹಾಳೆ ಕೇಳಿ ಪಡೆಯಬಹುದು. ಸಂಜೆ ಮೊತ್ತದ ಪಟ್ಟಿ ಹೊರಬರುತ್ತದೆ. ಪುಸ್ತಕದಲ್ಲಿ ಸಹಿ ಹಾಕಿದವರ ಸಂಖ್ಯೆಗೂ ಪೆಟ್ಟಿಗೆಯ ಹಾಳೆಗಳ ಸಂಖ್ಯೆಗೂ ತಾಳೆ ನೋಡಿ, ಹಾಳೆಗಳನ್ನು ಮೊಹರು ಮಾಡಿ ಇಡುತ್ತಾರೆ.

ಇಷ್ಟೆಲ್ಲ ಆದ ಮೇಲೂ ಯಂತ್ರ ತಪ್ಪಿದ್ದುಂಟು. 2000ದ ಅಧ್ಯಕ್ಷ ಚುನಾವಣೆಯ ರಾತ್ರಿ ಫ್ಲೋರಿಡಾದ ವೊಲೂಸಿಯಾ ಕೌಂಟಿಯ ಒಂದು ಮತಗಟ್ಟೆಯಿಂದ ಆಲ್ ಗೋರ್ ಅವರ ಲೆಕ್ಕಕ್ಕೆ ಬಂದುದು ಋಣ 16,022 ಮತ! ಸೊನ್ನೆಗಿಂತ ಕಡಿಮೆ ಮತ ಪಡೆಯುವುದು ಯಾವ ಗಣಿತದಲ್ಲಿ ಸಾಧ್ಯ? ನಾಲ್ಕನೆಯ ತರಗತಿಯ ಹುಡುಗನೂ ನಕ್ಕಾನು. ಅಸಂಬದ್ಧವಾಗಿದ್ದುದರಿಂದಲೇ ಅದು ಬೇಗ ಕಣ್ಣಿಗೆ ಬಿತ್ತು. ಅದೇ ಋಣ ಹದಿನಾರು ಸಾವಿರದ ಬದಲು ಯಾರಿಗೂ ಸಂಶಯ ಬಾರದಷ್ಟು ಚಿಕ್ಕ ತಪ್ಪಾಗಿದ್ದರೆ? ಆ ರಾಜ್ಯದ ಕೊನೆಯ ತೀರ್ಮಾನ ನಿಂತದ್ದು ಕೇವಲ 537 ಮತಗಳ ಅಂತರದ ಮೇಲೆ.

ಅಂಥ ಚಿಕ್ಕ ತಪ್ಪಿಗೂ ಉದಾಹರಣೆಯಿದೆ. 2008ರಲ್ಲಿ ಕ್ಯಾಲಿಫೋರ್ನಿಯಾದ ಹಂಬೋಲ್ಟ್ ಕೌಂಟಿಯ ಅಧಿಕಾರಿಗಳು, ಎಣಿಸಿ ಮುಗಿದ ಮತಪತ್ರಗಳನ್ನೆಲ್ಲ ಸಾಮಾನ್ಯ ಸ್ಕ್ಯಾನರಿನಲ್ಲಿ ಪ್ರತಿ ತೆಗೆಯಲು ಊರಿನ ಸ್ವಯಂಸೇವಕರಿಗೆ ಅನುಮತಿ ಕೊಟ್ಟರು. ಹಾಗೆ ಮತ್ತೆ ಎಣಿಸಿದಾಗ ಅಧಿಕೃತ ಲೆಕ್ಕಕ್ಕಿಂತ 197 ಹಾಳೆ ಹೆಚ್ಚು ಬಂದವು. ಎಣಿಕೆಯ ಕ್ರಮವಿಧಿಯಲ್ಲಿದ್ದ ದೋಷವೊಂದು ಮೊದಲ ಕಟ್ಟನ್ನು ಸದ್ದಿಲ್ಲದೆ ಅಳಿಸಿಹಾಕಿತ್ತು. ಫಲಿತಾಂಶವೇನೂ ಬದಲಾಗಲಿಲ್ಲ. ಆದರೆ ಅಧಿಕೃತ ಮುದ್ರೆ ಬಿದ್ದ ಮೇಲೆ ಹೊರಬಿದ್ದ ಆ ಲೋಪವನ್ನು ತೋರಿಸಿಕೊಟ್ಟದ್ದು ಕಾಗದ. ಕಾಗದವೇ ಇಲ್ಲದಿದ್ದರೆ ಆ 197 ಮಂದಿ ಮತಗಟ್ಟೆಗೆ ಹೋಗಿ ಬಂದುದು ವ್ಯರ್ಥವಾಗುತ್ತಿತ್ತು.

ಅದೇ ವರ್ಷದ ಮಿನೆಸೋಟಾ ರಾಜ್ಯದ ಸೆನೆಟ್ ಸ್ಪರ್ಧೆಯ ಕಥೆ ಇನ್ನೂ ಸ್ವಾರಸ್ಯವಾದುದು. ಸುಮಾರು 29 ಲಕ್ಷ ಮತಗಳು. ಯಂತ್ರದ ಎಣಿಕೆಯಂತೆ ನಾರ್ಮ್ ಕೋಲ್ಮನ್ ಅವರು ಆಲ್ ಫ್ರಾಂಕೆನ್ ಅವರಿಗಿಂತ 215 ಮತಗಳಿಂದ ಮುಂದಿದ್ದರು. ಅಂತರ ಇಷ್ಟು ಕಿರಿದಾದಾಗ ಕೈಯೆಣಿಕೆ ನಡೆಯಲೇಬೇಕೆಂದು ಆ ರಾಜ್ಯದ ಕಾನೂನು. ಪ್ರತಿಯೊಂದು ಹಾಳೆಯನ್ನೂ ಎರಡೂ ಪಕ್ಷದವರ ಎದುರು ಹಿಡಿದು ನೋಡಲಾಯಿತು. ಸಂಶಯದ ಹಾಳೆಗಳು ಐದು ಮಂದಿಯ ಮಂಡಳಿಯ ಮುಂದೆ ಬಂದವು. ಅದರಲ್ಲಿ ನಾಲ್ವರು ನ್ಯಾಯಾಧೀಶರು. ಕಲಾಪವೆಲ್ಲ ಜನರ ಕಣ್ಣೆದುರಿಗೇ ನಡೆಯಿತು.

ಜನ ಏನೇನು ಬರೆದಿದ್ದರು! ವೃತ್ತ ತುಂಬುವ ಬದಲು ಅದರ ಸುತ್ತ ಗೆರೆ ಎಳೆದವರು, ಹೆಸರಿನ ಪಕ್ಕದಲ್ಲಿ ಅಡ್ಡಗೀಟು ಹಾಕಿದವರು, ತುಂಬಿದ್ದನ್ನು ಹೊಡೆದುಹಾಕಿ ಇನ್ನೊಂದನ್ನು ತುಂಬಿದವರು. ಒಬ್ಬ ಮಹಾಶಯನಂತೂ ಫ್ರಾಂಕೆನ್ ಅವರ ವೃತ್ತವನ್ನು ತುಂಬಿ, ಬೇರೆ ಹೆಸರು ಬರೆಯಲೆಂದು ಬಿಟ್ಟ ಜಾಗದಲ್ಲಿ 'ಹಲ್ಲಿ ಮಾನವರು' ಎಂದು ಬರೆದಿಟ್ಟಿದ್ದ. ನ್ಯಾಯಾಧೀಶರು ಗಂಭೀರವಾಗಿ ಚರ್ಚಿಸಿ ಆ ಮತವನ್ನು ತಳ್ಳಿಹಾಕಿದರು. ಉತ್ತರಪತ್ರಿಕೆ ತಿದ್ದಿ ತಿದ್ದಿ ಕಣ್ಣು ಸೋತಿರುವ ನಮ್ಮಂಥ ಅಧ್ಯಾಪಕರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮತಪತ್ರದ ಕಾಲದಲ್ಲಿ ನಮ್ಮ ಎಣಿಕೆಯ ಮೇಜಿನ ಮೇಲೂ ಎರಡು ಚಿಹ್ನೆಗಳ ನಡುವಣ ಗೆರೆಯ ಮೇಲೆ ಬಿದ್ದ ಮೊಹರಿಗಾಗಿ ಏಜೆಂಟರ ವಾಗ್ವಾದ ನಡೆಯುತ್ತಿತ್ತಷ್ಟೆ.

ಈ ಪ್ರಕರಣದಲ್ಲಿ ಮತ್ತೊಂದು ಸೂಕ್ಷ್ಮವಿದೆ. ಮಿನಿಯಾಪೊಲಿಸ್ ನಗರದ ಒಂದು ಮತಗಟ್ಟೆಯ 133 ಹಾಳೆಗಳು ಎಷ್ಟು ಹುಡುಕಿದರೂ ಸಿಗಲಿಲ್ಲ. ಆಗ ಮಂಡಳಿಯು ಆ ಮತಗಟ್ಟೆಗೆ ಚುನಾವಣೆಯ ರಾತ್ರಿಯ ಯಂತ್ರದ ಲೆಕ್ಕವನ್ನೇ ಎತ್ತಿಹಿಡಿಯಿತು. ಹಂಬೋಲ್ಟಿನಲ್ಲಿ ಕಾಗದವು ಯಂತ್ರವನ್ನು ತಿದ್ದಿದರೆ ಇಲ್ಲಿ ಯಂತ್ರವು ಕಾಗದದ ಕೊರತೆಯನ್ನು ತುಂಬಿತು. ಕೊನೆಗೆ ಮರುಎಣಿಕೆಯಲ್ಲಿ ಫ್ರಾಂಕೆನ್ 225 ಮತಗಳಿಂದಲೂ, ನ್ಯಾಯಾಲಯದ ವಿಚಾರಣೆಯ ಬಳಿಕ 312 ಮತಗಳಿಂದಲೂ ಗೆದ್ದು 2009ರ ಜುಲೈಯಲ್ಲಿ ಪ್ರಮಾಣವಚನ ತೆಗೆದುಕೊಂಡರು. ಎಂಟು ತಿಂಗಳು ಹಿಡಿಯಿತು, ನಿಜ.

ಪ್ರತಿ ಸಲವೂ ಹೀಗೆ ಎಲ್ಲವನ್ನೂ ಮರಳಿ ಎಣಿಸಬೇಕೇ? ಬೇಡವೆಂದು ತೋರಿಸಿದವರು ಬರ್ಕ್ಲಿ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ ಫಿಲಿಪ್ ಸ್ಟಾರ್ಕ್. ಕುಚ್ಚಲಕ್ಕಿ ಬೆಂದಿದೆಯೇ ಎಂದು ತಿಳಿಯಲು ನಮ್ಮ ಗೃಹಿಣಿಯರು ಹಂಡೆಯನ್ನೆಲ್ಲ ಬಸಿದು ನೋಡುವುದಿಲ್ಲ. ಸೌಟಿನಿಂದ ತಿರುವಿ ನಾಲ್ಕು ಅಗುಳು ಹಿಸುಕುತ್ತಾರೆ. ತಿರುವದೆ ಮೇಲಿನದನ್ನೇ ತೆಗೆದರೆ ಮೋಸ ಹೋಗುವರು. 2017ರಲ್ಲಿ ಕೊಲರಾಡೋ ರಾಜ್ಯವು ಈ ಕ್ರಮವನ್ನು ರಾಜ್ಯಾದ್ಯಂತ ಮೊದಲಿಗೆ ಜಾರಿಗೆ ತಂದಿತು. ಹತ್ತು ಮುಖದ ಇಪ್ಪತ್ತು ದಾಳಗಳನ್ನು ಜನರೆದುರು ಉರುಳಿಸುತ್ತಾರೆ; ಬಿದ್ದ ಅಂಕೆಗಳಿಂದ ಯಾವ ಯಾವ ಮತಪತ್ರ ತೆಗೆಯಬೇಕೆಂಬುದು ಲೆಕ್ಕಹಾಕಿ ಬರುತ್ತದೆ. ಯಾರ ಇಷ್ಟಾನಿಷ್ಟಕ್ಕೂ ಅಲ್ಲಿ ಎಡೆಯಿಲ್ಲ. ತೆಗೆದ ಹಾಳೆಯನ್ನು ಕಣ್ಣಿನಿಂದ ಓದಿ ಯಂತ್ರದ ಓದಿನೊಡನೆ ಹೋಲಿಸುತ್ತಾರೆ. ಗೆಲುವಿನ ಅಂತರ ದೊಡ್ಡದಿದ್ದರೆ ಕೆಲವೇ ಹಾಳೆ ಸಾಕು. ಅಂತರ ಕಿರಿದಾದಷ್ಟೂ ಹೆಚ್ಚು ಹಾಳೆ ಬೇಕು. ತಾಳೆ ತಪ್ಪುತ್ತ ಹೋದರೆ ಪೂರ್ತಿ ಕೈಯೆಣಿಕೆಯೇ ಗತಿ.

ಪರೀಕ್ಷೆಯ ಗಾತ್ರವು ಅಂತರವನ್ನು ಅವಲಂಬಿಸಬೇಕೆಂಬ ಈ ಒಂದು ಮಾತು ನಮಗೆ ಬಹಳ ಮುಖ್ಯವಾಗಿ ಕಂಡಿದೆ. ಮತಯಂತ್ರದ ವಿಷಯದಲ್ಲಿ ನಮ್ಮ ಕೇರಳಕ್ಕೆ ಹಳೆಯ ಅನುಭವವಿದೆ. 1982ರಲ್ಲಿ ಪರವೂರಿನ 50 ಮತಗಟ್ಟೆಗಳಲ್ಲಿ ವಿದ್ಯುನ್ಮಾನ ಯಂತ್ರವನ್ನು ದೇಶದಲ್ಲೇ ಮೊದಲು ಬಳಸಿದರು. 123 ಮತಗಳ ಆ ಗೆಲುವನ್ನು, ಯಂತ್ರಕ್ಕೆ ಕಾನೂನಿನ ಆಧಾರವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1984ರಲ್ಲಿ ರದ್ದುಪಡಿಸಿತು. ಈಗ ಕಾನೂನೂ ಇದೆ, ಮತಯಂತ್ರದ ಪಕ್ಕದಲ್ಲಿ ಏಳು ಸೆಕೆಂಡು ಕಾಣಿಸಿಕೊಳ್ಳುವ ಕಾಗದದ ಚೀಟಿಯೂ ಇದೆ. 2019ರ ನ್ಯಾಯಾಲಯದ ಆದೇಶದಂತೆ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಮತಗಟ್ಟೆಗಳ ಚೀಟಿಗಳನ್ನು ಎಣಿಸಿ ತಾಳೆ ನೋಡುತ್ತಾರೆ. ಆದರೆ ಗೆಲುವು ಎಂಬತ್ತು ಸಾವಿರದ್ದಾದರೂ ಐದೇ, 2016ರಲ್ಲಿ ನಮ್ಮ ಮಂಜೇಶ್ವರದಲ್ಲಿ ಆದಂತೆ 89 ಮತಗಳದ್ದಾದರೂ ಐದೇ. ಹೆಚ್ಚಿನ ಎಣಿಕೆಯನ್ನು ಅಭ್ಯರ್ಥಿ ಕೇಳಬಹುದು, ಒಪ್ಪುವುದು ಬಿಡುವುದು ಚುನಾವಣಾಧಿಕಾರಿಗೆ ಸೇರಿದ್ದು. ಮಿನೆಸೋಟಾದಲ್ಲಿ ಅದು ಯಾರ ಅನುಗ್ರಹವೂ ಆಗಿರಲಿಲ್ಲ.

ಚೀಟಿಗಳನ್ನೆಲ್ಲ ಎಣಿಸಬೇಕೆಂಬ ಬೇಡಿಕೆಯನ್ನು 2024ರ ಏಪ್ರಿಲಿನಲ್ಲಿ ತಳ್ಳಿಹಾಕಿದ ಸರ್ವೋಚ್ಚ ನ್ಯಾಯಾಲಯವು, ಅವುಗಳ ಎಣಿಕೆಗೆ ಯಂತ್ರವನ್ನು ಬಳಸಬಹುದೇ, ಚಿಹ್ನೆಯ ಜೊತೆಗೆ ಪಕ್ಷಕ್ಕೊಂದು ಬಾರ್‌ಕೋಡ್ ಅಚ್ಚು ಹಾಕಬಹುದೇ ಎಂಬುದನ್ನು ಪರಿಶೀಲಿಸುವಂತೆ ಚುನಾವಣಾ ಆಯೋಗಕ್ಕೆ ಸೂಚಿಸಿತು. ಇದು ಕೈಗೂಡಿದರೆ ನಮ್ಮಲ್ಲೂ ಕಾಗದವನ್ನು ಸ್ಕ್ಯಾನರ್ ಓದುವ ಕಾಲ ಬಂದೀತು. ಜಾರ್ಜಿಯಾ ರಾಜ್ಯದಲ್ಲಿ ಹೀಗೆಯೇ ಸಂಕೇತದ ಚೌಕವನ್ನು ಅಚ್ಚುಹಾಕಿದ ಮತಪತ್ರಗಳಿದ್ದವು. 2020ರಲ್ಲಿ ಅಲ್ಲಿಯ ಸುಮಾರು 50 ಲಕ್ಷ ಮತಗಳನ್ನು ಕೈಯಿಂದ ಎಣಿಸಿದಾಗ, ಎಣಿಸುವವರು ಚೌಕವನ್ನು ಬಿಟ್ಟು ಅದರ ಕೆಳಗಿನ ಅಕ್ಷರಗಳನ್ನು ಓದಿದರು. ಗೆದ್ದವರು ಬದಲಾಗಲಿಲ್ಲ, ಫ್ಲಾಯ್ಡ್ ಕೌಂಟಿಯಲ್ಲಿ ಮಾತ್ರ ಸ್ಕ್ಯಾನರಿಗೆ ಹೋಗದೆ ಉಳಿದಿದ್ದ ಎರಡೂವರೆ ಸಾವಿರಕ್ಕೂ ಹೆಚ್ಚು ಮತಪತ್ರಗಳು ಬೆಳಕಿಗೆ ಬಂದವು.

ನಮ್ಮ ಮತದಾರನು ಆ ಏಳು ಸೆಕೆಂಡುಗಳಲ್ಲಿ ಓದಬಲ್ಲದ್ದು ಚಿಹ್ನೆಯನ್ನು, ಹೆಸರನ್ನು, ಬಾರ್‌ಕೋಡಿನ ಗೆರೆಗಳನ್ನಲ್ಲ. ಗೆರೆಗಳನ್ನು ಯಂತ್ರ ಎಣಿಸುವುದಾದರೆ ಎಣಿಸಲಿ. ಆದರೆ ಚೀಟಿ ಎತ್ತಿ ಆರಿಸಿದ ಮತಗಟ್ಟೆಗಳಲ್ಲಿ ಮನುಷ್ಯರು ಚಿಹ್ನೆಯನ್ನೇ ನೋಡಿ ಎಣಿಸುವ ಪದ್ಧತಿ ಉಳಿಯಬೇಕು, ಅಂತಹ ಮತಗಟ್ಟೆಗಳು ಎಷ್ಟೆಂಬುದು ಗೆಲುವಿನ ಅಂತರದಿಂದ ನಿರ್ಧಾರವಾಗಬೇಕು ಎಂಬುದು ನಮ್ಮ ಅಭಿಪ್ರಾಯ.