ಚೆಟ್‌ಪೇಟಿನ ಒಂದು ಪರೀಕ್ಷೆ

ಮೊನ್ನೆ ಆಸ್ಪತ್ರೆಯೊಂದರಲ್ಲಿ ನಮ್ಮ ಮಾವನವರನ್ನು, ಹೊಸ ಔಷಧದ ಪರೀಕ್ಷೆಗೆ ಒಪ್ಪುವಿರಾ ಎಂದು ಕೇಳಿದರು. "ಇಲಿಗೆ ಬದಲು ನಾನೇನಪ್ಪಾ?" ಎಂದು ಅವರು ಹೆದರಿದರು. ಆಗ ನಾನು ಅವರಿಗೆ ನಮ್ಮ ಊರಿನದೇ ಕಥೆಯೊಂದನ್ನು ಹೇಳಿದೆ.

1956ರಲ್ಲಿ ಮದರಾಸಿನ ಚೆಟ್‌ಪೇಟಿನಲ್ಲಿ ಕ್ಷಯರೋಗ ಚಿಕಿತ್ಸಾ ಸಂಶೋಧನ ಕೇಂದ್ರವೊಂದು ಆರಂಭವಾಯಿತು. ಆಗ ಕ್ಷಯರೋಗಿಗಳು ಅಸಂಖ್ಯ, ಆಸ್ಪತ್ರೆಯ ಹಾಸಿಗೆಗಳು ಕೆಲವೇ. ಸ್ಯಾನಿಟೋರಿಯಂ ಇಲ್ಲದೆ ರೋಗ ವಾಸಿಯಾಗುವುದೇ? ಇದೇ ಪ್ರಶ್ನೆ. 193 ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಪಾಲು ಮಾಡಿದರು. ಒಂದು ಪಾಲು ಸ್ಯಾನಿಟೋರಿಯಮ್ಮಿಗೆ ಹೋಯಿತು. ಇನ್ನೊಂದು ತಮ್ಮ ಇಕ್ಕಟ್ಟಾದ ಮನೆಗಳಲ್ಲೇ ಉಳಿಯಿತು. ಇಬ್ಬರಿಗೂ ಒಂದು ವರ್ಷ ಒಂದೇ ಔಷಧಗಳು: ಐಸೋನಿಯಾಜಿಡ್ ಮತ್ತು ಪಿ.ಎ.ಎಸ್.

1959ರಲ್ಲಿ ಫಲಿತಾಂಶ ಪ್ರಕಟವಾಯಿತು. ಸ್ಯಾನಿಟೋರಿಯಮ್ಮಿನಲ್ಲಿ ನೂರಕ್ಕೆ 92, ಮನೆಯಲ್ಲಿ 86 ಮಂದಿಯ ರೋಗ ಹತೋಟಿಗೆ ಬಂದಿತ್ತು. ಊಟ, ವಿಶ್ರಾಂತಿ ಕಡಿಮೆಯಿದ್ದರೂ ಔಷಧ ತನ್ನ ಕೆಲಸ ಮಾಡಿತ್ತು. ಮನೆಯವರಿಗೆ ಸೋಂಕು ಹೆಚ್ಚಲೂ ಇಲ್ಲ. ಇಂದು ಲೋಕದ ಎಷ್ಟೋ ಕ್ಷಯರೋಗಿಗಳು ಮನೆಯಲ್ಲಿದ್ದೇ ಗುಣವಾಗುವುದಕ್ಕೆ ಆ ರೋಗಿಗಳ ಋಣವುಂಟು.

ಹಾಗೆಂದು ಕಣ್ಣು ಮುಚ್ಚಿ ರುಜು ಹಾಕಬೇಕೆಂದಲ್ಲ. ಹೊಸ ಔಷಧ ನಮ್ಮ ಪಾಲಿಗೇ ಬರುತ್ತದೆಂಬ ಭರವಸೆಯಿಲ್ಲ. ಬಂದರೂ ಗುಣ ಖಚಿತವಲ್ಲ. ಆದರೆ 2019ರ ನಿಯಮಗಳಂತೆ ರೋಗಿಗೆ ತಿಳಿಯುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಬೇಕು. ಒಪ್ಪಿದ ಮೇಲೂ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಪರೀಕ್ಷೆಯಿಂದ ಹಾನಿಯಾದರೆ ಪರಿಹಾರವುಂಟು. ತಮಿಳು, ಇಂಗ್ಲಿಷು ಬಾರದ ನಮ್ಮ ಹಿರಿಯರು ಕನ್ನಡದಲ್ಲಿ ಹೇಳಿರೆಂದು ಸಂಕೋಚವಿಲ್ಲದೆ ಕೇಳಬೇಕು.

ಕಡತಗಳ ನಡುವೆ ಬದುಕುವ ನನಗೆ, ಓದದೆ ಹಾಕಿದ ರುಜುವಿನ ಬೆಲೆ ಗೊತ್ತು. ಮಾವನವರು ಕಾಗದವನ್ನು ಮನೆಗೆ ತಂದಿದ್ದಾರೆ. ದಿನವೂ ಒಂದೊಂದು ಪುಟ ಓದಿಸಿಕೊಳ್ಳುತ್ತಿದ್ದಾರೆ. ಒಪ್ಪುವುದೂ ಬಿಡುವುದೂ ಅವರಿಗೆ ಸೇರಿದ್ದು.