ನಿಂತ ಬೈಕಿನ ಬ್ಯಾಟರಿ: ನಂಬಿಕೆ ಎಷ್ಟು, ನಿಜ ಎಷ್ಟು?

ಊರಲ್ಲಿ ಬೈಕ್ ಬಿಟ್ಟು ದುಬೈಗೋ ಮುಂಬೈಗೋ ದುಡಿಯಲು ಹೋದವರಿಗೆ ರಜೆಗೆ ಬಂದಾಗ ಮೊದಲು ಎದುರಾಗುವ ತೊಂದರೆ ಇದು. ಕೀ ತಿರುಗಿಸಿದರೆ ಮೀಟರಿನಲ್ಲಿ ಮಂಕು ದೀಪ. ಸೆಲ್ಫ್ ಒತ್ತಿದರೆ ಸೀಟಿನ ಕೆಳಗೆ ರಿಲೇ ಟಕಟಕ ಎನ್ನುತ್ತದೆ, ಎಂಜಿನ್ ಅಲುಗುವುದಿಲ್ಲ. ಆಗ ಮನೆಯವರು, ನೆರೆಯವರು, ಮೆಕ್ಯಾನಿಕ್ ಎಲ್ಲರೂ ಒಂದೊಂದು ಉಪಾಯ ಹೇಳುತ್ತಾರೆ. ಅವುಗಳಲ್ಲಿ ಕೆಲವು ಹಳೆಯ ಗಾಡಿಗಳ ಕಾಲಕ್ಕೆ ಸರಿಯಾಗಿದ್ದವು, ಕೆಲವು ಯಾವ ಕಾಲಕ್ಕೂ ತಪ್ಪೇ.

ಮೊದಲನೆಯದು, “ಓಡಿಸಲೇ ಇಲ್ಲ, ಬ್ಯಾಟರಿ ಹೇಗೆ ಹಾಳಾಯಿತು?” ಎಂಬ ಪ್ರಶ್ನೆ. ಓಡಿಸದೇ ಇದ್ದದ್ದರಿಂದಲೇ ಹಾಳಾಯಿತು. ಸೀಸ–ಆಸಿಡ್ ಬ್ಯಾಟರಿ ಸುಮ್ಮನೆ ಇಟ್ಟರೂ ತನ್ನಷ್ಟಕ್ಕೆ ಇಳಿಯುತ್ತದೆ. ನಮ್ಮ ಬೇಸಿಗೆಯ ಸೆಕೆಯಲ್ಲಿ ಇನ್ನೂ ಬೇಗ. ಜೊತೆಗೆ ಗಡಿಯಾರ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಹಾಕಿಸಿದ್ದರೆ ಜಿಪಿಎಸ್, ಕೀ ತೆಗೆದಮೇಲೂ ಹನಿಹನಿಯಾಗಿ ಕರೆಂಟ್ ಹೀರುತ್ತಲೇ ಇರುತ್ತವೆ. ಹೀಗೆ ಬರಿದಾದ ಬ್ಯಾಟರಿಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಹೊಸದಾಗಿ ಕೂತ ಸಲ್ಫೇಟ್ ಚಾರ್ಜ್ ಮಾಡಿದರೆ ಕರಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಗಟ್ಟಿ ಹರಳಾಗಿ ಕೂತುಬಿಡುತ್ತದೆ, ಅಷ್ಟು ಜಾಗ ಕೆಲಸಕ್ಕೆ ಬಾರದು. ಆದ್ದರಿಂದ ಬ್ಯಾಟರಿ ಬದುಕುತ್ತದೆಯೇ ಎಂಬುದನ್ನು ನಿರ್ಧರಿಸುವುದು ಅದು ಎಷ್ಟು ಇಳಿದಿದೆ ಎಂಬುದಕ್ಕಿಂತ, ಇಳಿದ ಸ್ಥಿತಿಯಲ್ಲಿ ಎಷ್ಟು ದಿನ ಇತ್ತು ಎಂಬುದು.

“ಪೂರ್ತಿ ಡೌನ್ ಆಗಿದೆ, ಜೋರಾಗಿ ಚಾರ್ಜಿಗೆ ಹಾಕಿ.” ಎಷ್ಟೋ ಬ್ಯಾಟರಿಗಳು ಸಾಯುವುದು ಈ ಮಾತಿನಿಂದ. ನೂರು ಸಿಸಿ ಆಸುಪಾಸಿನ ಗಾಡಿಗಳ ಬ್ಯಾಟರಿ ಸಾಮಾನ್ಯವಾಗಿ 3ರಿಂದ 5 ಆಂಪಿಯರ್-ಅವರ್ ಇರುತ್ತದೆ. ಅದರ ಹತ್ತನೇ ಒಂದು ಭಾಗ, ಅಂದರೆ ಅರ್ಧ ಆಂಪಿಯರಿನೊಳಗೆ ಚಾರ್ಜ್ ಮಾಡಬೇಕು. ಕೆಲವು ಅಂಗಡಿಗಳಲ್ಲಿ ಕಾರಿನ ಬ್ಯಾಟರಿಗಳ ಸಾಲಿಗೇ ಬೈಕಿನದನ್ನೂ ಸೇರಿಸುತ್ತಾರೆ. ಸಾಲಿನಲ್ಲಿ ಎಲ್ಲದಕ್ಕೂ ಒಂದೇ ಕರೆಂಟ್. ದೊಡ್ಡದಕ್ಕೆ ಹಿತವಾದದ್ದು ಚಿಕ್ಕದನ್ನು ಕುದಿಸಿಬಿಡುತ್ತದೆ. ಪ್ರತ್ಯೇಕವಾಗಿ, ಕಡಿಮೆ ಆಂಪಿಯರಿನಲ್ಲಿ ಹಾಕಿ ಎಂದು ಬಾಯಿಬಿಟ್ಟು ಹೇಳಿ.

ಬಹಳ ದಿನ ನಿಂತ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದಾಗ ಮೀಟರ್ ಹಿಡಿದು ನೋಡಬೇಕು. ಶುರುವಿನಲ್ಲಿ ವೋಲ್ಟೇಜ್ ಥಟ್ಟನೆ ಮೇಲೇರುತ್ತದೆ, ಕರೆಂಟ್ ಮಾತ್ರ ಒಳಗೆ ಇಳಿಯುವುದೇ ಇಲ್ಲ. ಇದನ್ನು ಕಂಡು “ಫುಲ್ ಆಯಿತು” ಎಂದೋ “ಸತ್ತಿದೆ” ಎಂದೋ ತೆಗೆದುಬಿಡುವವರಿದ್ದಾರೆ. ಎರಡೂ ಆತುರದ ತೀರ್ಮಾನ. ಸಲ್ಫೇಟ್ ಸಡಿಲವಾಗುತ್ತ ಬಂದರೆ ಕೆಲವು ಗಂಟೆಗಳ ನಂತರ ಕರೆಂಟ್ ನಿಧಾನವಾಗಿ ಹರಿಯತೊಡಗುತ್ತದೆ. ಹಾಗೆಯೇ, ಸ್ಮಾರ್ಟ್ ಚಾರ್ಜರಿನ ದೀಪ ಹತ್ತಲಿಲ್ಲವೆಂದರೆ ಬ್ಯಾಟರಿ ಮುಗಿಯಿತೆಂದೇ ಅರ್ಥವಲ್ಲ. ವೋಲ್ಟೇಜ್ ತೀರಾ ಕೆಳಗಿದ್ದರೆ ಅಂಥ ಚಾರ್ಜರಿಗೆ ಬ್ಯಾಟರಿ ಜೋಡಿಸಿದ್ದೇ ಗೊತ್ತಾಗುವುದಿಲ್ಲ. ಚಾರ್ಜ್ ಮಾಡುವಾಗ ಪೆಟ್ಟಿಗೆ ಕೈಗೆ ಸುಡುವಷ್ಟು ಬಿಸಿಯಾದರೆ, ಉಬ್ಬಿದರೆ, ತಕ್ಷಣ ನಿಲ್ಲಿಸಿ. ಹೊರಬರುವ ಹೈಡ್ರೋಜನ್ ಹತ್ತಿಕೊಳ್ಳುವ ಅನಿಲ, ಹತ್ತಿರ ಬೀಡಿ–ಸಿಗರೇಟು ಬೇಡ.

ಚಾರ್ಜ್ ಮುಗಿದ ಕೂಡಲೇ ಕಾಣುವ ವೋಲ್ಟೇಜನ್ನೂ ನಂಬಬೇಡಿ. ಒಂದು ರಾತ್ರಿ ಬಿಟ್ಟು ಅಳೆಯಿರಿ. 12.6 ವೋಲ್ಟ್ ಅಥವಾ ಮೇಲಿದ್ದರೆ ಒಳ್ಳೆಯ ಸೂಚನೆ. 10.5ರ ಹತ್ತಿರ ಬಂದು ನಿಂತರೆ ಆರು ಸೆಲ್‌ಗಳಲ್ಲಿ ಒಂದು ಬಹುತೇಕ ಶಾರ್ಟ್ ಆಗಿದೆ, ಮುಂದೆ ದುಡ್ಡು ಸುರಿಯುವುದು ವ್ಯರ್ಥ. ಕೊನೆಯ ಪರೀಕ್ಷೆ ಸೆಲ್ಫ್ ಒತ್ತುವುದು. ಆ ಹೊತ್ತಿನಲ್ಲಿ ವೋಲ್ಟೇಜ್ 9.6ರ ಕೆಳಗೆ ಕುಸಿದರೆ ಹೊಸದು ತರಲೇಬೇಕು.

“ನೂಕಿ ಸ್ಟಾರ್ಟ್ ಮಾಡಿ, ಆಮೇಲೆ ತಾನೇ ಚಾರ್ಜ್ ಆಗುತ್ತೆ.” ಕಾರ್ಬ್ಯುರೇಟರ್ ಗಾಡಿಗಳಿಗೆ ಇದು ನಡೆಯುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಮಾಲಿನ್ಯ ನಿಯಮ ಬಂದಮೇಲೆ ಬಹುತೇಕ ಎಲ್ಲ ಹೊಸ ಗಾಡಿಗಳೂ ಫ್ಯೂಯಲ್ ಇಂಜೆಕ್ಷನ್ ಆದವು. ಪೆಟ್ರೋಲ್ ಪಂಪಿಗೂ ಇಸಿಯುಗೂ ಕರೆಂಟ್ ಬೇಕು, ಪೂರ್ತಿ ಬರಿದಾದ ಬ್ಯಾಟರಿಯಿದ್ದರೆ ಎಷ್ಟು ನೂಕಿದರೂ ಹೆಚ್ಚಿನ ಗಾಡಿಗಳು ಕೆಮ್ಮುವುದೂ ಇಲ್ಲ. ಗೇರಿಲ್ಲದ ಸ್ಕೂಟರನ್ನಂತೂ ನೂಕಿ ಪ್ರಯೋಜನವಿಲ್ಲ. ಇನ್ನು ಅಂಗಳದಲ್ಲೇ ಐದು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟರೆ ಸ್ಟಾರ್ಟಿಗೆ ಹೋದ ಕರೆಂಟೂ ವಾಪಸು ಬರುವುದು ಅನುಮಾನ. 2017ರಿಂದ ಹೊಸ ಗಾಡಿಗಳ ಹೆಡ್‌ಲೈಟ್ ಎಂಜಿನ್ ಜೊತೆಗೇ ಹತ್ತುತ್ತದೆ, ಹುಟ್ಟುವ ಅಲ್ಪ ಕರೆಂಟಿನಲ್ಲಿ ಅದಕ್ಕೇ ದೊಡ್ಡ ಪಾಲು.

“ಆಸಿಡ್ ಕಡಿಮೆಯಾಗಿದೆ, ಆಸಿಡ್ ಹಾಕಿ” ಎನ್ನುವುದು ಇನ್ನೊಂದು ತಪ್ಪು. ಆರಿಹೋಗುವುದು ನೀರು, ಆಸಿಡ್ ಅಲ್ಲ. ಮುಚ್ಚಳ ಬಿಚ್ಚುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಬೋರ್‌ವೆಲ್ ನೀರಿನ ಲವಣ ಪ್ಲೇಟುಗಳಿಗೆ ವೈರಿ. ಸೀಲ್ ಆದದ್ದನ್ನು ಬಿಚ್ಚಲೇಬೇಡಿ. ಎಪ್ಸಮ್ ಸಾಲ್ಟ್ ಹಾಕಿದರೂ ಗಟ್ಟಿಯಾದ ಸಲ್ಫೇಟ್ ಹರಳು ಕರಗುವುದಿಲ್ಲ.

ಮುಂದಿನ ಸಲ ಊರು ಬಿಡುವ ಮುನ್ನ ಪೂರ್ತಿ ಚಾರ್ಜ್ ಮಾಡಿಸಿ, ನೆಗೆಟಿವ್ ವೈರ್ ಬಿಚ್ಚಿಡಿ. ಒಂದೆರಡು ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಲು ತಮ್ಮನಿಗೋ ಭಾವನಿಗೋ ಹೇಳಿಹೋಗಿ. ನಿಜವಾಗಿ ಮುಗಿದ ಬ್ಯಾಟರಿಯನ್ನು ಹಿತ್ತಲಲ್ಲಿ ಎಸೆಯಬೇಡಿ, ಆಸಿಡ್ಡನ್ನು ಚರಂಡಿಗೆ ಸುರಿಯಬೇಡಿ. ಸೀಸ ಮಕ್ಕಳ ಮಿದುಳಿಗೆ ವಿಷ. ಹೊಸದು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ಕೊಟ್ಟರೆ ಬೆಲೆಯಲ್ಲಿ ಒಂದಿಷ್ಟು ಕಡಿಮೆ ಮಾಡುತ್ತಾರೆ.