ಹೊಟ್ಟೆಯ ತಜ್ಞರಾಗಲು ಹನ್ನೊಂದೂವರೆ ವರ್ಷ

ಹಟ್ಟಿ, ಮಸ್ಕಿ, ಲಿಂಗಸುಗೂರು ಕಡೆಯ ಮನೆಗಳಲ್ಲಿ ಹೊಟ್ಟೆನೋವು ಬಂದರೆ ಮೊದಲು ಅಜವಾನ, ಆಮೇಲೆ ಔಷಧಿ ಅಂಗಡಿಯ ಗುಳಿಗೆ. ತಿಂಗಳಾದರೂ ನೋವು ಬಿಡದಿದ್ದಾಗ, ‘ಹೊಟ್ಟೆಯ ದೊಡ್ಡ ಡಾಕ್ಟರಿಗೆ ತೋರಿಸ್ರಿ’ ಎಂಬ ಸಲಹೆ ಬರುತ್ತದೆ. ಯಾರು ಈ ದೊಡ್ಡ ಡಾಕ್ಟರು? ನಿಮ್ಮ ಮಗಳೋ ಮಗನೋ ಅಂಥವರಾಗಬೇಕಾದರೆ ಏನು ಓದಬೇಕು?

ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಕಡ್ಡಾಯ. ಬಳಿಕ ನೀಟ್ ಪರೀಕ್ಷೆ. ಇದನ್ನು ಕನ್ನಡದಲ್ಲೂ ಬರೆಯಬಹುದು. ಎಂ.ಬಿ.ಬಿ.ಎಸ್. ಓದು ನಾಲ್ಕೂವರೆ ವರ್ಷ, ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಒಂದು ವರ್ಷ. ಮತ್ತೆ ಪ್ರವೇಶ ಪರೀಕ್ಷೆ ಬರೆದು 3 ವರ್ಷದ ಎಂ.ಡಿ. (ಜನರಲ್ ಮೆಡಿಸಿನ್). ಮೂರನೆಯ ಪರೀಕ್ಷೆ ಗೆದ್ದರೆ ಜೀರ್ಣಾಂಗ ವಿಭಾಗದಲ್ಲಿ 3 ವರ್ಷದ ಡಿ.ಎಂ. ಒಟ್ಟು ಹನ್ನೊಂದೂವರೆ ವರ್ಷ! ಒಂದು ವರ್ಷವೂ ಹಾಳಾಗದಿದ್ದರೂ ವಯಸ್ಸು ಮೂವತ್ತರ ಹತ್ತಿರ. ಶಸ್ತ್ರಚಿಕಿತ್ಸೆಯ ಒಲವಿದ್ದವರು ಎಂ.ಎಸ್. ಮುಗಿಸಿ ಎಂ.ಸಿ.ಎಚ್. ಮಾಡುತ್ತಾರೆ.

ಡಿ.ಎಂ.ನಲ್ಲಿ ಕಲಿಯುವುದೇನು? ಅನ್ನನಾಳ, ಜಠರ, ಕರುಳು, ಯಕೃತ್ತು, ಮೇದೋಜೀರಕ ಗ್ರಂಥಿಗಳ ರೋಗಗಳು ಮತ್ತು ಎಂಡೋಸ್ಕೋಪಿ. ನಳಿಗೆಯನ್ನು ಒಳಗಿಳಿಸಿ ಹುಣ್ಣನ್ನು ಕಣ್ಣಾರೆ ನೋಡುವ, ರಕ್ತಸ್ರಾವ ನಿಲ್ಲಿಸುವ ಈ ಕೈಚಳಕ ಪುಸ್ತಕದಿಂದ ಬರುವಂಥದ್ದಲ್ಲ. ಹಿರಿಯ ವೈದ್ಯರ ಪಕ್ಕದಲ್ಲಿ ನಿಂತೇ ಕಲಿಯಬೇಕು. ಬೆಂಗಳೂರಿನ ಸೇಂಟ್ ಜಾನ್ಸ್, ಮಣಿಪಾಲದ ಕೆ.ಎಂ.ಸಿ.ಯಂಥ ಕಾಲೇಜುಗಳಲ್ಲಿ ಈ ತರಬೇತಿ ಇದೆ.

ಇಷ್ಟು ದೂರದ ದಾರಿ ನಮಗೆಲ್ಲಿ ಎನ್ನಬೇಡಿ. ಮೊದಲ ಮೆಟ್ಟಿಲು ಹತ್ತಿರದಲ್ಲೇ ಇದೆ. ರಾಯಚೂರಿನಲ್ಲಿ 2007ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ‘ರಿಮ್ಸ್’ ಇದೆ. 371 (ಜೆ) ವಿಧಿಯ ಮೇರೆಗೆ 2013ರಿಂದ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟುಗಳು ಈ ಭಾಗದವರಿಗೇ ಮೀಸಲು. ಇದಕ್ಕೆ ಉಪವಿಭಾಗಾಧಿಕಾರಿಗಳ ಅರ್ಹತಾ ಪ್ರಮಾಣಪತ್ರ ಬೇಕು; ಮಕ್ಕಳು ಪಿ.ಯು.ಸಿ.ಯಲ್ಲಿದ್ದಾಗಲೇ ಮಾಡಿಸಿಟ್ಟುಕೊಳ್ಳಿ.

ಕೊನೆಗೊಂದು ಮಾತು. ಪ್ರತಿ ಹೊಟ್ಟೆನೋವಿಗೂ ಡಿ.ಎಂ. ವೈದ್ಯರೇ ಬೇಕಿಲ್ಲ. ನಿಮ್ಮೂರಿನ ಎಂ.ಬಿ.ಬಿ.ಎಸ್. ವೈದ್ಯರಿಗೆ ಮೊದಲು ತೋರಿಸಿ. ಆದರೆ ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ ಕಂಡರೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೊರಡಿ. ಕಾಮಾಲೆ, ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು ಇವುಗಳನ್ನೂ ಗುಳಿಗೆ ನುಂಗಿ ಮುಂದೂಡಬೇಡಿ. ಹನ್ನೊಂದೂವರೆ ವರ್ಷ ಕಲಿತ ವಿದ್ಯೆಯೂ ರೋಗಿ ತಡಮಾಡದೆ ಬಂದರೆ ಮಾತ್ರ ಫಲ ಕೊಡುತ್ತದೆ.